ಅಲುಗಾಡುವ ಕುರ್ಚಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸಿದ ಅನುಭವ: ಅಂಟಿನ ಬಾಟಲಿ ತೆರೆಯುವ ಮುಂಚೆ ಓದಿ

ನಾಲ್ಕು ಹಳೆಯ ಮರದ ಕುರ್ಚಿಗಳ ರಿಪೇರಿ ಕೊನೆಗೂ ಮುಗಿಯಿತು. ಒಂದು ಶನಿವಾರ, ಒಂದು ಭಾನುವಾರ ಸಾಕು ಅಂದುಕೊಂಡು ಕೈ ಹಾಕಿದ ಕೆಲಸ. ಎಷ್ಟು ವಾರ ಎಳೆಯಿತು ಅಂತ ಲೆಕ್ಕ ಇಡುವುದನ್ನೇ ಆಮೇಲೆ ಬಿಟ್ಟೆ. ನಡುವೆ ಒಂದಷ್ಟು ದಿನ ಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೂ ಕೂರಬೇಕಾಯಿತು, ಬಿಚ್ಚಿದ ಕುರ್ಚಿಗಳು ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿದ್ದವು. ಕುರ್ಚಿ ಅಲುಗಾಡಿದರೆ ಏನು ಮಾಡಬೇಕು ಅಂತ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ. ಅಂಟು ಹಾಕಿ, ಬಿಗಿದು ಕಟ್ಟಿ, ಒಣಗಲು ಬಿಡಿ. ಇಷ್ಟು ಹೇಳಿ ಸುಮ್ಮನಾಗುತ್ತಾರೆ. ಆ ಒಂದು ಸಾಲಿನ ಹಿಂದೆ ಎಷ್ಟು ಕೆಲಸ ಅಡಗಿದೆ ಅಂತ ನನಗೂ ಗೊತ್ತಿರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಅಂಟು ಹಾಕುವುದು ಈ ಕೆಲಸದಲ್ಲಿ ತೀರಾ ಸಣ್ಣ ಭಾಗ. ಬಿಚ್ಚುವುದು, ಹಳೆಯ ಅಂಟನ್ನು ಕೆರೆಯುವುದು, ಕಾಯುವುದು, ಮತ್ತೆ ಕೆರೆಯುವುದು. ಅಸಲಿ ಕೆಲಸ ಇದೇ.

ಶುರುವಿನಲ್ಲಿ ಕುರ್ಚಿಗಳು ಸುಮ್ನೆ ಕಿರ್ ಅನ್ನುತ್ತಿದ್ದವು. ಆಮೇಲೆ ಒರಗಿ ಕೂತರೆ ಹಿಂಗಾಲು ಒಂದಿಷ್ಟು ಹೊರಗೆ ಜಾರಲು ಶುರುವಾಯಿತು. ಬಗ್ಗಿ ನೋಡಿದರೆ ಸೀಟಿನ ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಕಡೆ ಬೆರಳಿನ ಉಗುರು ಹೋಗುವಷ್ಟು ಸಂದು. ನಾಲ್ಕರಲ್ಲೂ ಅದೇ ಜಾಗ. ಇದಕ್ಕೆ ಕಾರಣ ಇದೆ. ನಾವು ಹಿಂದಕ್ಕೆ ಒರಗಿದಾಗ, ಅದರಲ್ಲೂ ಎರಡು ಕಾಲಿನ ಮೇಲೆ ಕುರ್ಚಿಯನ್ನು ವಾಲಿಸಿ ಕೂತಾಗ, ಇಡೀ ಭಾರ ಈ ಒಂದು ಜಾಯಿಂಟಿನ ಮೇಲೆ ಬೀಳುತ್ತದೆ. ಹಾಗಾಗಿ ಮೊದಲು ಸೋಲುವುದು ಇದೇ.

ಇನ್ನೊಂದು ಕಾರಣ ಮರದ್ದೇ ಸ್ವಭಾವ. ಗಾಳಿಯಲ್ಲಿ ತೇವ ಜಾಸ್ತಿ ಆದರೆ ಮರ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಆದರೆ ಎಲ್ಲ ಕಡೆಗೂ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ, ನಾರಿಗೆ ಅಡ್ಡಲಾಗಿ ಚೆನ್ನಾಗಿಯೇ ಬದಲಾಗುತ್ತದೆ. ಕುರ್ಚಿಯ ಕಾಲಿನ ನಾರು ಮೇಲಿಂದ ಕೆಳಕ್ಕೆ, ಪಟ್ಟಿಯ ನಾರು ಅಡ್ಡಕ್ಕೆ. ಕಾಲಿನಲ್ಲಿ ಕೊರೆದ ಕಂಡಿಯೊಳಗೆ ಪಟ್ಟಿಯ ತುದಿಯ ನಾಲಿಗೆ ಕೂತಿರುತ್ತದಲ್ಲ, ಅವೆರಡೂ ಬೇರೆ ಬೇರೆ ದಿಕ್ಕಿಗೆ ಹಿಗ್ಗಿ ಕುಗ್ಗುತ್ತವೆ. ತೇವದ ದಿನಗಳಲ್ಲಿ ನಾಲಿಗೆ ಹಿಗ್ಗಲು ಹೋಗಿ, ಜಾಗ ಇಲ್ಲದೆ ತನ್ನನ್ನೇ ಜಜ್ಜಿಕೊಳ್ಳುತ್ತದೆ. ಒಣ ದಿನಗಳಲ್ಲಿ ಕುಗ್ಗಿದಾಗ ಮೊದಲಿಗಿಂತ ಒಂದು ಕೂದಲು ಸಣ್ಣ. ಹೀಗೇ ವರ್ಷಗಟ್ಟಲೆ ನಡೆದರೆ ಅಂಟು ಬಿರುಕು ಬಿಡದೆ ಇನ್ನೇನು ಮಾಡೀತು?

ಮೊದಲು ಪರಿಚಯದ ಒಬ್ಬ ಹಿರಿಯ ಬಡಗಿಯನ್ನು ಕೇಳಿದೆ. ಅವರು ಕುರ್ಚಿಯನ್ನು ತಲೆಕೆಳಗು ಮಾಡಿ, ಎರಡು ಕಾಲು ಹಿಡಿದು ಒಮ್ಮೆ ಅಲ್ಲಾಡಿಸಿ, "ಮರ ಚೆನ್ನಾಗಿದೆ ಸಾರ್. ಆದ್ರೆ ಇದಕ್ಕೆ ನಾನು ಕೂಲಿ ಕೇಳಿದ್ರೆ ಹೊಸ ಕುರ್ಚಿನೇ ತಗೋಬಹುದಲ್ಲ ಅಂತೀರಿ" ಅಂದರು. "ಹಾಗಾದ್ರೆ ನಾನೇ ಮಾಡ್ಲಾ?" ಅಂದೆ. "ಮಾಡಿ. ಮೊಳೆ ಮಾತ್ರ ಹೊಡೀಬೇಡಿ. ಪೂರ್ತಿ ಬಿಚ್ಚಿ. ಬಿಚ್ಚೋಕೆ ಭಯ ಆದ್ರೆ ಮುಟ್ಲೇಬೇಡಿ." ಆ ಮೂರು ಮಾತು ಕೊನೆಯವರೆಗೂ ಉಪಯೋಗಕ್ಕೆ ಬಂತು.

ಇಲ್ಲಿ ಒಂದು ವಿಷಯ. ನಿಮ್ಮ ಕುರ್ಚಿ ಸ್ಕ್ರೂ, ನಟ್ಟು, ಬೋಲ್ಟಿನದ್ದಾಗಿದ್ದರೆ ಈ ಯಾವ ಗೋಜೂ ಬೇಡ, ಬಿಗಿ ಮಾಡಿದರೆ ಮುಗಿಯಿತು. ಜರ್ಮನ್-ಆಸ್ಟ್ರಿಯನ್ ಬಡಗಿ ಮೈಕೆಲ್ ಥೋನೆಟ್ 1859ರಲ್ಲಿ ಮಾಡಿದ 14ನೇ ನಂಬರಿನ ಬಾಗಿಸಿದ ಮರದ ಕುರ್ಚಿ ಅಂಥದ್ದು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಸಡಿಲ ಆದರೆ ಸ್ಕ್ರೂ ತಿರುಗಿಸಿದರಾಯಿತು. ನಾವು ಒದ್ದಾಡುವುದು ಅಂಟಿನ ಮೇಲೆ ನಿಂತ ಕುರ್ಚಿಗಳ ಜೊತೆ.

ಕೆಲಸ ಶುರು ಮಾಡುವ ಮುಂಚೆ ಜಾಗ ನೋಡಿಕೊಳ್ಳಿ. ಬಿಚ್ಚಿದ ಕುರ್ಚಿ ಇಡೀ ಕುರ್ಚಿಗಿಂತ ಎಷ್ಟೋ ಜಾಸ್ತಿ ಜಾಗ ತಿನ್ನುತ್ತದೆ. ನಾನು ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಕು ಅಂತಿದ್ದೆ. ಅಮ್ಮ "ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕೋ, ಆಮೇಲೆ ಯಾವ ಕಾಲು ಯಾವ ಕುರ್ಚಿದು ಅಂತ ಹುಡುಕ್ತಾ ಕೂತಿರ್ತೀಯ" ಅಂದಳು. ಸರಿ ಅನಿಸಿತು. ಒಂದೇ ಸಮಯಕ್ಕೆ ಹೆಚ್ಚೆಂದರೆ ಎರಡು, ಒಂದು ಒಣಗುವಾಗ ಇನ್ನೊಂದನ್ನು ಕೆರೆಯುವುದು ಅಂತ ಆಯಿತು. ಸದ್ದಿನ ವಿಷಯವನ್ನೂ ಯೋಚಿಸಿ. ಸುತ್ತಿಗೆ ಪೆಟ್ಟು ಗೋಡೆ ದಾಟಿ ಹೋಗುತ್ತದೆ. ಅಕ್ಕಪಕ್ಕದವರಿಗೆ ಮುಂಚೆಯೇ ಒಂದು ಮಾತು ಹೇಳಿದ್ದರಿಂದ ನನಗೆ ತೊಂದರೆ ಆಗಲಿಲ್ಲ.

ಆಮೇಲೆ ದಾಖಲೆ. ನಗಬೇಡಿ, ಇದು ನಿಜವಾಗಿಯೂ ಬೇಕು. ಬಿಚ್ಚುವ ಮುಂಚೆ ಪ್ರತಿ ಕುರ್ಚಿಯ ಫೋಟೋ ತೆಗೆಯಿರಿ, ಎಲ್ಲ ದಿಕ್ಕಿನಿಂದ, ಅಡಿಯಿಂದ ಕೂಡ. ಪ್ರತಿ ಜಾಯಿಂಟಿನ ಎರಡೂ ಬದಿಗೆ ಕಾಗದದ ಟೇಪ್ ಅಂಟಿಸಿ ಒಂದೇ ಗುರುತು ಬರೆಯಿರಿ. ಕಾಲಿನ ಮೇಲೂ ಅದೇ ನಂಬರು, ಅಲ್ಲಿಗೆ ಬರುವ ಪಟ್ಟಿಯ ಮೇಲೂ ಅದೇ ನಂಬರು. ಪಟ್ಟಿಯ ಯಾವ ಅಂಚು ಮೇಲೆ ಅಂತ ಒಂದು ಬಾಣದ ಗುರುತು. ಎಡ ಬಲ ಅಂದರೆ ಯಾರ ಎಡ ಬಲ ಅಂತಲೂ ಮೊದಲೇ ತೀರ್ಮಾನ ಮಾಡಿ. ಕುರ್ಚಿಯಲ್ಲಿ ಕೂತವರ ಎಡವೋ, ಎದುರು ನಿಂತು ನೋಡುವವರ ಎಡವೋ? ನಾನು ಕೂತವರ ಲೆಕ್ಕ ಹಿಡಿದೆ, ಅದನ್ನೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದೆ. ಕೈಯಲ್ಲಿ ಮಾಡಿದ ಕುರ್ಚಿಗಳಲ್ಲಿ ನೋಡಲು ಒಂದೇ ಥರ ಇರುವ ನಾಲ್ಕು ಪಟ್ಟಿಗಳು ಒಂದರ ಜಾಗಕ್ಕೆ ಒಂದು ಕೂರುವುದಿಲ್ಲ. ಪ್ರತಿ ನಾಲಿಗೆಯನ್ನೂ ಅದರದ್ದೇ ಕಂಡಿಗೆ ಹೊಂದಿಸಿ ಕೆತ್ತಿರುತ್ತಾರೆ.

ಬಿಚ್ಚುವ ದಿನ ಬಂತು. ಮೊದಲು ಸೀಟು. ಸಾಮಾನ್ಯವಾಗಿ ಅಡಿಯಿಂದ ಸ್ಕ್ರೂ ಹಾಕಿರುತ್ತಾರೆ, ಅದು ಸುಲಭ. ಆಮೇಲೆ ಸೀಟಿನ ಕೆಳಗೆ ನಾಲ್ಕು ಮೂಲೆಯಲ್ಲಿ ಇರುವ ಸಣ್ಣ ಮರದ ತುಂಡುಗಳು. ಇವಕ್ಕೂ ಸ್ಕ್ರೂ ಇರುತ್ತದೆ, ಜೊತೆಗೆ ಅಂಟೂ ಇರಬಹುದು. ಇವುಗಳನ್ನು ತೆಗೆಯದೆ ಕಾಲು ಎಳೆದರೆ ಏನೋ ಒಂದು ಮುರಿಯುವುದು ಖಂಡಿತ.

ನನಗೆ ಅಸಲಿ ಕಾಟ ಕೊಟ್ಟಿದ್ದು ಇದಲ್ಲ. ಹಿಂದೆ ಯಾರೋ ಇದೇ ಕುರ್ಚಿಗಳನ್ನು ಮೊಳೆ ಹೊಡೆದು "ರಿಪೇರಿ" ಮಾಡಿದ್ದರು. ಹೊರಗೆ ಒಂದು ಚುಕ್ಕಿಯೂ ಕಾಣುತ್ತಿರಲಿಲ್ಲ, ಲಪ್ಪ, ಅಂದರೆ ತೂತು ಮುಚ್ಚುವ ಮೆತ್ತೆ ತುಂಬಿ ಮೇಲೆ ಪಾಲಿಶ್ ಹಚ್ಚಿದ್ದರು. ಮೊದಲ ಕುರ್ಚಿಯ ಎಡ ಹಿಂಗಾಲು ಎಷ್ಟು ತಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ. ಸಂದು ಇದೆ, ಅಲುಗಾಡುತ್ತೆ, ಆದರೆ ಈಚೆಗೆ ಬರಲ್ಲ. ಆಗ ಬಡಗಿ ಹೇಳಿದ್ದ ಮೊಳೆಯ ಮಾತು ನೆನಪಾಯಿತು. ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದ ಒಂದು ಸಣ್ಣ ಅಯಸ್ಕಾಂತ ತಂದು ಕಾಲಿನ ಮೇಲೆ ನಿಧಾನಕ್ಕೆ ಆಡಿಸಿದೆ. ಒಂದು ಜಾಗದಲ್ಲಿ ಟಕ್ ಅಂತ ಎಳೆದುಕೊಂಡಿತು. ಅದರ ಕೆಳಗೆ ಬೆರಳಗಲ ಬಿಟ್ಟು ಇನ್ನೊಂದು. ಮೊನೆಯಿಂದ ಕೆದಕಿದರೆ ಲಪ್ಪ ಪುಡಿಯಾಗಿ ಉದುರಿ, ತಲೆ ಇಲ್ಲದ ಮೊಳೆಯ ತುಕ್ಕು ಕಂಡಿತು. ಸುತ್ತ ಒಂಚೂರು ಮರ ಕೆತ್ತಿ, ಚೂಪು ಮೂತಿಯ ಇಕ್ಕಳದಲ್ಲಿ ಹಿಡಿದು, ಎಳೆಯುವುದಕ್ಕಿಂತ ಜಾಸ್ತಿ ತಿರುಗಿಸುತ್ತಾ ತೆಗೆದೆ. ಒಂದೊಂದು ಮೊಳೆಗೂ ಅರ್ಧ ಸಂಜೆ. ಹೊರಬಂದಾಗ ಆದ ಖುಷಿ ಮಾತ್ರ ಬೇರೆಯೇ ಲೆವೆಲ್.

ಹಾಗಾಗಿ ನನ್ನ ಸಲಹೆ, ಸುತ್ತಿಗೆ ಎತ್ತುವ ಮುಂಚೆ ಎಲ್ಲ ಜಾಯಿಂಟುಗಳ ಮೇಲೂ ಅಯಸ್ಕಾಂತ ಆಡಿಸಿ. ಎರಡು ನಿಮಿಷದ ಕೆಲಸ. ಮೊಳೆ ಇರುವ ಜಾಯಿಂಟನ್ನು ಬಲವಂತವಾಗಿ ಎಳೆದರೆ ನಾಲಿಗೆ ಸೀಳುತ್ತದೆ. ನನ್ನದರಲ್ಲಿ ಒಂದು ನಾಲಿಗೆಯನ್ನು ಆ ಮೊಳೆ ಎಂದೋ ಸೀಳಿಯಾಗಿತ್ತು.

ಮೊಳೆ ಇಲ್ಲದ ಜಾಯಿಂಟುಗಳು ಸುಲಭವಾಗಿ ಬಂದವು ಅಂತಲ್ಲ. ರಬ್ಬರ್ ಸುತ್ತಿಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮರದ ಕೊಡತಿ. ಕಬ್ಬಿಣದ ಸುತ್ತಿಗೆಯೇ ಇದ್ದರೆ ನಡುವೆ ಒಂದು ಮರದ ತುಂಡು ಇಟ್ಟು ಹೊಡೆಯಿರಿ. ಜಾಯಿಂಟಿಗೆ ಆದಷ್ಟು ಹತ್ತಿರ ತಟ್ಟಬೇಕು, ಕಾಲಿನ ತುದಿಗೆ ಹೊಡೆದರೆ ಸನ್ನೆಗೋಲಿನ ಥರ ಎಳೆದು ಕಂಡಿಯ ಅಂಚು ಒಡೆಯುತ್ತದೆ. ಇನ್ನೂ ಒಳ್ಳೆಯದು ಕ್ಲ್ಯಾಂಪ್, ಅಂದರೆ ತಿರುಪು ತಿರುಗಿಸಿ ಮರವನ್ನು ಒತ್ತಿ ಹಿಡಿಯುವ ಸಾಧನ. ಕೆಲವು ಉದ್ದ ಕ್ಲ್ಯಾಂಪುಗಳ ಒಂದು ತಲೆಯನ್ನು ತೆಗೆದು ತಿರುಗಿಸಿ ಹಾಕಿದರೆ ಅವು ಒತ್ತುವ ಬದಲು ಅಗಲಿಸುತ್ತವೆ. ಎರಡು ಕಾಲಿನ ನಡುವೆ ಇಟ್ಟು ಒಂದೊಂದೇ ಸುತ್ತು ತಿರುಗಿಸುತ್ತಾ ಹೋದರೆ, ಒಂದು ಹಂತದಲ್ಲಿ ಚಿಟ್ ಅನ್ನುವ ಸದ್ದು ಬರುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ಮರವೇ ಮುರಿಯಿತು ಅಂತ ಎದೆ ಧಸಕ್ಕೆಂದಿತು. ಅಲ್ಲ, ಹಳೆಯ ಅಂಟು ಬಿಟ್ಟ ಸದ್ದು ಅದು.

ಯಾವುದೋ ಒಂದು ಜಾಯಿಂಟ್ ಗಟ್ಟಿಯಾಗಿದ್ದರೆ ಅದನ್ನು ಹಾಗೇ ಬಿಡಬೇಕಾ, ಬಿಚ್ಚಬೇಕಾ ಅಂತ ಪ್ರಶ್ನೆ ಬರುತ್ತದೆ. ನಾನು ಗಟ್ಟಿ ಇದ್ದವನ್ನು ಮುಟ್ಟಲಿಲ್ಲ. ಬೆನ್ನೊರಗಿನ ಮೇಲಿನ ಪಟ್ಟಿ ನಾಲ್ಕರಲ್ಲಿ ಮೂರು ಕುರ್ಚಿಗಳಲ್ಲಿ ಕಲ್ಲಿನಂತಿತ್ತು, ಬಿಟ್ಟೆ. ಪೂರ್ತಿ ಬಿಚ್ಚಿ ಅಂತ ಬಡಗಿ ಹೇಳಿದ್ದು ಸಡಿಲ ಆದವನ್ನು ಅರ್ಧಂಬರ್ಧ ಬಿಚ್ಚಬೇಡಿ ಅನ್ನುವ ಅರ್ಥದಲ್ಲಿ ಅಂತ ನಾನು ತಿಳಿದುಕೊಂಡೆ.

ಈಗ ಅಂಟು. ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸಾಮಾನ್ಯವಾಗಿ ಸಿಗುವ ಬಿಳಿ ಮರದಂಟು ಹೊಸ ಮರಕ್ಕೆ ಬಹಳ ಚೆನ್ನಾಗಿ ಹಿಡಿಯುತ್ತದೆ. ಒಣಗಿದ ಹಳೆಯ ಅಂಟಿನ ಮೇಲೆ ಹಾಕಿದರೆ ಹಿಡಿಯುವುದಿಲ್ಲ. ಅಂಟು ಮರದ ನಾರಿನೊಳಗೆ ಇಳಿಯಬೇಕು, ಹಳೆಯ ಅಂಟು ಆ ದಾರಿಯನ್ನು ಮುಚ್ಚಿಬಿಟ್ಟಿರುತ್ತದೆ. ಸಂದಿಗೆ ಸಿರಿಂಜಿನಲ್ಲಿ ಅಂಟು ತೂರಿಸಿ ಕಟ್ಟಿಟ್ಟ ಕುರ್ಚಿ ಕೆಲವೇ ತಿಂಗಳಲ್ಲಿ ಮತ್ತೆ ಅಲುಗಾಡುವುದು ಇದಕ್ಕೇ. ಹಾಗಾಗಿ ಒಳಗಿರುವುದು ಯಾವ ಅಂಟು ಅಂತ ಮೊದಲು ಕಂಡುಹಿಡಿಯಬೇಕು.

ಪರೀಕ್ಷೆ ಸುಲಭ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಳೆಯ ಅಂಟಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ಬೆರಳಿನಿಂದ ಮುಟ್ಟಿ. ಜಿಗುಟು ಬಂದು ಕರಗಲು ಶುರುವಾದರೆ ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ ಹಳೆಯ ಕಾಲದ ಅಂಟು. ಬೆಳ್ಳಗಾಗಿ ರಬ್ಬರಿನಂತೆ ಮೆತ್ತಗಾದರೆ ಬಿಳಿ ಅಂಟು. ಎರಡೂ ಆಗದೆ ಗಾಜಿನಂತೆ ಕೂತಿದ್ದರೆ ಎಪಾಕ್ಸಿಯೋ (ಎರಡು ಭಾಗ ಕಲಸಿ ಹಚ್ಚುವ ಅಂಟು) ಬೇರೆ ಏನೋ ಇರಬಹುದು. ನನ್ನ ಮೂರು ಕುರ್ಚಿಗಳಲ್ಲಿ ಇದ್ದದ್ದು ಹಳೆಯ ಅಂಟು. ಉಳಿಯ ತುದಿ ತಾಗಿಸಿದರೆ ಜೇನುಬಣ್ಣದ ಸಣ್ಣ ಸಣ್ಣ ಹರಳುಗಳಾಗಿ ಸಿಡಿಯುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತಿಳಿ. ಬಿಸಿನೀರು ತಾಗಿದ ಕೂಡಲೇ ಒದ್ದೆ ಚರ್ಮದ ಒಂದು ವಾಸನೆ ಏಳುತ್ತದೆ, ಮೂಗು ಮುಚ್ಚಿಕೊಳ್ಳಬೇಕು. ಆದರೆ ಕರಗುತ್ತೆ ಅನ್ನುವುದೇ ಅದರ ದೊಡ್ಡ ಗುಣ. ಈ ಅಂಟನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಚ್ಚುತ್ತಾರೆ, ಬಿಸಿ ಮತ್ತು ತೇವ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ. ಹಳೆಯದರ ಮೇಲೆ ಇದೇ ಜಾತಿಯ ಹೊಸ ಅಂಟು ಹಾಕಿದರೆ ಎರಡೂ ಒಂದಾಗುತ್ತವೆ ಕೂಡ. ಬೆಲೆಬಾಳುವ ಹಳೆಯ ಪೀಠೋಪಕರಣ ಇದ್ದರೆ ಅದನ್ನೇ ಬಳಸಿ, ಮುಂದೆ ಯಾರಾದರೂ ಬಿಚ್ಚಬೇಕಾದರೆ ಅವರಿಗೂ ಸುಲಭ. ನಾನು ಮಾತ್ರ ಎಲ್ಲ ಕೆರೆದು ಬಿಳಿ ಅಂಟನ್ನೇ ಹಾಕಿದೆ. ಬಿಸಿ ಅಂಟು ಬೇಗ ಗಟ್ಟಿಯಾಗುತ್ತದೆ, ಒಬ್ಬನೇ ಇದ್ದಾಗ ಅಷ್ಟು ಅವಸರ ನನ್ನ ಕೈಲಾಗದು.

ನಾಲ್ಕನೆಯ ಕುರ್ಚಿಯಲ್ಲಿ ಬಿಳಿ ಅಂಟು ಇತ್ತು, ಅದೇ ಮೊಳೆಯವರ ಕೈಚಳಕ ಇರಬೇಕು. ಬಿಳಿ ಅಂಟಿಗೆ ಬಿಸಿ ಮಾಡಿದ ವಿನೆಗರ್ ಕೆಲಸ ಮಾಡುತ್ತದೆ. ಹತ್ತಿಯನ್ನು ಅದರಲ್ಲಿ ನೆನೆಸಿ ಅಂಟಿನ ಮೇಲೆ ಇಟ್ಟು ಬಿಟ್ಟರೆ ಮೆತ್ತಗಾಗುತ್ತದೆ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆಯಬಹುದು. ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ, ತಾಳ್ಮೆ ಬೇಕು.

ಕೆರೆಯುವುದು ಅಂದರೆ ಮರಳು ಕಾಗದ ಹಿಡಿದು ಉಜ್ಜುವುದಲ್ಲ. ಉಜ್ಜಿದರೆ ನಾಲಿಗೆ ಸಣ್ಣದಾಗುತ್ತದೆ, ಮೂಲೆಗಳು ದುಂಡಗಾಗುತ್ತವೆ, ಜಾಯಿಂಟ್ ಮೊದಲಿಗಿಂತ ಸಡಿಲವಾಗುತ್ತದೆ. ಉಳಿಯನ್ನು ನೆಟ್ಟಗೆ ಹಿಡಿದು ಅಂಟನ್ನಷ್ಟೇ ಕೆರೆಯಬೇಕು. ಕಂಡಿಯ ಒಳಗೆ ಇದು ಇನ್ನೂ ಕಷ್ಟ. ಕಿರಿದಾದ ಉಳಿ, ಒಂದು ಟಾರ್ಚು, ಮತ್ತೆ ಮತ್ತೆ ಊದಿ ಪುಡಿ ತೆಗೆಯುವುದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಆ ಹರಳುಗಳು ಸಿಡಿಯುತ್ತವೆ ಅಂದೆನಲ್ಲ. ನಾನು ಅತಿ ಹೆಚ್ಚು ಬೇಸರಪಟ್ಟಿದ್ದು ಈ ಹಂತದಲ್ಲೇ. ಇಡೀ ಭಾನುವಾರ ಕೆರೆದು ಸಂಜೆ ನೋಡಿದರೆ ಕಣ್ಣಿಗೆ ಕಾಣುವಂಥದ್ದು ಏನೂ ಆಗಿರಲ್ಲ. ಮನೆಗೆ ಬಂದವರೆಲ್ಲ "ಇನ್ನೂ ಆಗಿಲ್ವಾ?" ಅನ್ನುತ್ತಾರೆ. ನಕ್ಕು ಸುಮ್ಮನಿರಿ.

ತೇವ ಮಾಡಿದ ಮರವನ್ನು ಪೂರ್ತಿ ಒಣಗಲು ಬಿಡಬೇಕು. ಹಿಗ್ಗಿದ ನಾಲಿಗೆ ಈಗ ಬಿಗಿಯಾಗಿ ಕೂತಂತೆ ಅನಿಸುತ್ತದೆ, ಅದನ್ನು ನಂಬಿ ಅಂಟು ಹಾಕಿದರೆ ಒಣಗಿದ ಮೇಲೆ ಮತ್ತೆ ಸಂದು. ನಾನು ನೆರಳಲ್ಲಿ ಇಟ್ಟು ಮುಂದಿನ ವಾರಾಂತ್ಯದವರೆಗೆ ಮುಟ್ಟಲಿಲ್ಲ.

ಒಣಗಿದ ಮೇಲೆ ಒಂದೊಂದೇ ನಾಲಿಗೆಯನ್ನು ಅದರ ಕಂಡಿಗೆ ಅಂಟಿಲ್ಲದೆ ಕೂರಿಸಿ ನೋಡಿದೆ. ಕೈಯಲ್ಲಿ ಒತ್ತಿದರೆ ಒಳಗೆ ಹೋಗಬೇಕು, ಕೊನೆಯಲ್ಲಿ ಒಂದೆರಡು ಮೆಲ್ಲಗಿನ ಪೆಟ್ಟು ಬೇಕಾಗಬೇಕು, ತಲೆಕೆಳಗೆ ಹಿಡಿದರೆ ತಾನಾಗಿ ಬೀಳಬಾರದು. ಸರಿಯಾದ ಬಿಗಿ ಅಂದರೆ ಅದು. ಅರ್ಧಕ್ಕರ್ಧ ಸಡಿಲ ಇದ್ದವು. ಬಿಳಿ ಅಂಟು ಸಂದು ತುಂಬುವುದಿಲ್ಲ, ಅದಕ್ಕೆ ಮರಕ್ಕೆ ಮರ ತಾಗಿಯೇ ಇರಬೇಕು. ಹಾಗಾಗಿ ಸಡಿಲ ನಾಲಿಗೆಯ ಕೆನ್ನೆಗೆ ತೆಳ್ಳನೆಯ ಮರದ ಹಾಳೆ ಅಂಟಿಸಿ, ಒಣಗಿದ ಮೇಲೆ ಉಳಿಯಿಂದ ಸವರಿ ಸವರಿ ಹೊಂದಿಸಬೇಕು. ಹಾಳೆಯ ನಾರು ನಾಲಿಗೆಯ ನಾರಿನ ದಿಕ್ಕಿಗೇ ಇರಲಿ. ಮರದ ಪುಡಿಯನ್ನು ಅಂಟಿಗೆ ಕಲಸಿ ತುಂಬುವವರಿದ್ದಾರೆ, ನೋಡಲು ಚೆಂದ, ಬಲ ಇಲ್ಲ. ನೊರೆ ಬರುವ ಇನ್ನೊಂದು ಬಗೆಯ ಅಂಟು ಸಿಗುತ್ತದೆ. ನೊರೆ ಉಬ್ಬಿ ಸಂದು ಮುಚ್ಚುತ್ತದೆ, ಆದರೆ ಆ ನೊರೆಗೂ ಶಕ್ತಿ ಇಲ್ಲ. ನಿಜವಾಗಿಯೂ ಸಂದು ತುಂಬಿ ಹಿಡಿಯಬೇಕು ಅಂದರೆ ಎಪಾಕ್ಸಿ. ಅದನ್ನು ಹಾಕಿದರೆ ಇನ್ನೊಮ್ಮೆ ಬಿಚ್ಚುವ ಆಸೆ ಬಿಡಿ.

ಕೆಳಗಿನ ಅಡ್ಡಗೋಲುಗಳಿಗೆ ನಾಲಿಗೆಯ ಬದಲು ದುಂಡನೆಯ ಮರದ ಗೂಟ ಇತ್ತು. ಡೋವೆಲ್ ಅಂತ ಕೇಳಿದರೆ ಸಿಗುತ್ತದೆ. ಎರಡು ಒಳಗೇ ಮುರಿದಿದ್ದವು. ಮುರಿದದ್ದನ್ನು ಎಳೆಯಲು ಹೋಗಬೇಡಿ. ಮೇಲ್ಮೈ ಮಟ್ಟಕ್ಕೆ ಕತ್ತರಿಸಿ, ನಟ್ಟನಡುವೆ ಮೊನೆಯಿಂದ ಗುರುತು ಮಾಡಿ, ಮೊದಲು ಸಣ್ಣ ಬಿಟ್ಟಿನಿಂದ, ಆಮೇಲೆ ಗೂಟದ ಅಳತೆಯ ಬಿಟ್ಟಿನಿಂದ ಕೊರೆದು ತೆಗೆಯಿರಿ. ನನ್ನವು 8 ಮಿಲಿಮೀಟರಿನವು. ಬಿಟ್ಟಿಗೆ ಒಂದು ಸುತ್ತು ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡರೆ ಆ ಕಡೆ ತೂತು ಬೀಳುವ ಭಯ ಇಲ್ಲ. ಹೊಸ ಗೂಟಕ್ಕೆ ಉದ್ದಕ್ಕೂ ಗೀರುಗಳಿರುವುದನ್ನೇ ಆರಿಸಿ. ನುಣ್ಣನೆಯ ಗೂಟವನ್ನು ಅಂಟು ತುಂಬಿದ ತೂತಿಗೆ ಹೊಡೆದರೆ ಒಳಗಿನ ಅಂಟಿಗೆ ಹೊರಬರಲು ದಾರಿ ಇರುವುದಿಲ್ಲ, ಒತ್ತಡಕ್ಕೆ ಕಾಲೇ ಸೀಳಬಹುದು.

ಮೊಳೆಗೆ ಸೀಳಿದ್ದ ಆ ನಾಲಿಗೆ ನನ್ನ ತಲೆ ತಿಂದಿತ್ತು, ಕೊನೆಗೆ ಅದೇ ಸುಲಭವಾಯಿತು. ಸೀಳು ನಾರಿನ ಉದ್ದಕ್ಕೆ ಇತ್ತು. ಉದ್ದ ನಾರಿಗೆ ಉದ್ದ ನಾರು ಸೇರುವ ಕಡೆ ಅಂಟು ಮರಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಸೀಳನ್ನು ಒಂಚೂರು ಅಗಲಿಸಿ, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಿಂದ ಅಂಟನ್ನು ಒಳಕ್ಕೆ ತಳ್ಳಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿದೆ. ಮಾರನೆಯ ದಿನ ಟ್ಯೂಬ್ ಬಿಚ್ಚಿದಾಗ ಗೆರೆ ಎಲ್ಲಿತ್ತು ಅಂತ ಹುಡುಕಬೇಕಾಯಿತು. ಅಡ್ಡಕ್ಕೆ ಮುರಿದಿದ್ದರೆ ಮಾತ್ರ ಇದು ನಡೆಯಲ್ಲ. ಆಗ ಹಳೆಯ ನಾಲಿಗೆ ಕತ್ತರಿಸಿ, ಪಟ್ಟಿಯಲ್ಲೂ ಒಂದು ಕಂಡಿ ಕೊರೆದು, ಎರಡಕ್ಕೂ ಸೇರಿ ಹೊಸದೊಂದು ಬಿಡಿ ನಾಲಿಗೆ ಕೂರಿಸಬೇಕು.

ಅಂಟು ಹಾಕುವ ದಿನ. ಬಿಳಿ ಅಂಟು ಹಚ್ಚಿದ ಮೇಲೆ ಐದು, ಹೆಚ್ಚೆಂದರೆ ಹತ್ತು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಎಲ್ಲ ಕೂಡಿಸಿ ಬಿಗಿಯಬೇಕು. ಇಡೀ ಕುರ್ಚಿಯನ್ನು ಒಮ್ಮೆಲೇ ಕೂಡಿಸಲು ಹೋದರೆ ಕೈ ಸಾಲದು. ಮೊದಲ ದಿನ ಮುಂಗಾಲುಗಳೆರಡು ಮತ್ತು ಅವುಗಳ ನಡುವಿನ ಪಟ್ಟಿ ಸೇರಿಸಿ ಮುಂಭಾಗದ ಚೌಕಟ್ಟು, ಹಾಗೇ ಹಿಂಭಾಗದ ಚೌಕಟ್ಟು. ಅವು ಒಣಗಿದ ಮೇಲೆ ಇನ್ನೊಂದು ದಿನ ಪಕ್ಕದ ಪಟ್ಟಿಗಳಿಂದ ಎರಡನ್ನೂ ಕೂಡಿಸುವುದು. ಪ್ರತಿ ಸಲವೂ ಅಂಟಿಲ್ಲದೆ ಒಂದು ರಿಹರ್ಸಲ್ ಮಾಡಿ, ಕ್ಲ್ಯಾಂಪುಗಳನ್ನು ಕೂಡ ಹಾಕಿ ನೋಡಿ. ಯಾವ ಕ್ಲ್ಯಾಂಪ್ ಎಲ್ಲಿ ಅಂತ ಅಂಟು ಹಚ್ಚಿದ ಮೇಲೆ ಯೋಚಿಸಲು ಸಮಯ ಇರಲ್ಲ.

ಕ್ಲ್ಯಾಂಪ್ ಅಂದಾಗ ನೆನಪಾಯಿತು. ನಾನು ಆನ್‌ಲೈನಲ್ಲಿ ತರಿಸಿದ ಸೆಟ್ಟಿನಲ್ಲಿ ಒಂದರ ತಿರುಪು ಅರ್ಧಕ್ಕೇ ನಿಲ್ಲುತ್ತಿತ್ತು. ಬದಲಾಯಿಸಿ ಕೊಡುವಷ್ಟರಲ್ಲಿ ಎರಡು ವಾರಾಂತ್ಯ ಹಾಳು. ಬಂದ ದಿನವೇ ಎಲ್ಲವನ್ನೂ ತಿರುಗಿಸಿ ನೋಡಿ. ಆ ಮಧ್ಯೆ ಹಗ್ಗದಲ್ಲಿ ಕೆಲಸ ನಡೆಸಿದೆ. ನಾಲ್ಕು ಕಾಲಿಗೂ ಸೇರಿ ಎರಡು ಸುತ್ತು ಹಗ್ಗ ಸುತ್ತಿ, ನಡುವೆ ಒಂದು ಕೋಲು ತೂರಿಸಿ ತಿರುಚುತ್ತಾ ಹೋಗಿ, ಕೋಲನ್ನು ಪಟ್ಟಿಗೆ ಒರಗಿಸಿಟ್ಟರೆ ಬಿಚ್ಚಿಕೊಳ್ಳುವುದಿಲ್ಲ. ಕಾಲಿನ ಮೂಲೆಗೆ ರಟ್ಟು ಇಡಿ, ಹಗ್ಗದ ಗುರುತು ಬೀಳುತ್ತದೆ. ಪ್ರಾಮಾಣಿಕವಾಗಿ ಹೇಳಬೇಕು ಅಂದರೆ ಕುರ್ಚಿಯಂಥ ಓರೆ ಕೋರೆ ಆಕಾರಕ್ಕೆ ಹಗ್ಗವೇ ಕ್ಲ್ಯಾಂಪಿಗಿಂತ ಚೆನ್ನಾಗಿ ಕೂರುತ್ತದೆ. ಹೊಸ ಕ್ಲ್ಯಾಂಪ್ ಬಂದ ಮೇಲೂ ಕೊನೆಯ ಕೂಡಿಕೆಗೆ ನಾನು ಹಗ್ಗವನ್ನೇ ಬಳಸಿದೆ.

ಅಂಟನ್ನು ನಾಲಿಗೆಗೂ ಕಂಡಿಯ ಗೋಡೆಗೂ ತೆಳ್ಳಗೆ ಹಚ್ಚಿ. ಬಿಗಿದಾಗ ಸಂದಿನಲ್ಲಿ ಸಣ್ಣ ಸಣ್ಣ ಹನಿ ಮೂಡಿದರೆ ಪ್ರಮಾಣ ಸರಿ ಇದೆ ಅಂತ. ಅದನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಿ, ಒಣಗಿದರೆ ಅಲ್ಲಿ ಪಾಲಿಶ್ ಹಿಡಿಯದೆ ಬಿಳಿ ಮಚ್ಚೆ ಉಳಿಯುತ್ತದೆ. ಆಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ ಸಮ ಇದ್ದರೆ ಚೌಕಟ್ಟು ನೆಟ್ಟಗಿದೆ. ಸೀಟಿನ ಭಾಗ ಹಿಂದೆ ಕಿರಿದಾಗಿದ್ದರೂ ಈ ಲೆಕ್ಕ ನಡೆಯುತ್ತದೆ. ವ್ಯತ್ಯಾಸ ಬಂದರೆ ಉದ್ದ ಇರುವ ಕರ್ಣದ ಕಡೆಗೆ ಒಂದು ಕ್ಲ್ಯಾಂಪ್ ಹಾಕಿ ಎಳೆಯಿರಿ. ಕೊನೆಯ ಕೂಡಿಕೆಯಲ್ಲಿ ಇನ್ನೂ ಒಂದು ಮುಖ್ಯ ಕೆಲಸ ಇದೆ. ಅಂಟು ಹಸಿ ಇರುವಾಗಲೇ ಕುರ್ಚಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸೀಟಿನ ಪಟ್ಟಿಗಳ ಮೇಲೆ ಹಲಗೆ ಇಟ್ಟು ಭಾರ ಹೇರಿ. ನಾಲ್ಕೂ ಕಾಲು ನೆಲ ಮುಟ್ಟುವ ಹಾಗೆ ಅದು ತಾನೇ ಹೊಂದಿಕೊಳ್ಳುತ್ತದೆ. ಗಂಟೆಯೊಳಗೆ ಹಗ್ಗ ಬಿಚ್ಚಬಹುದು ಅಂತ ಅಂಟಿನ ಬಾಟಲಿಯ ಮೇಲೆ ಇರುತ್ತದೆ, ನಾನು ರಾತ್ರಿಯಿಡೀ ಬಿಟ್ಟೆ. ಒಂದು ಪೂರ್ತಿ ದಿನ ಯಾರನ್ನೂ ಕೂರಲು ಬಿಡಬೇಡಿ.

ಇಷ್ಟೆಲ್ಲ ಮಾಡಿದರೂ ಒಂದು ಕುರ್ಚಿ ಟಕಟಕ ಅಂತಿತ್ತು. ಗರಗಸ ತೆಗೆಯುವ ಮುಂಚೆ ನೆಲವನ್ನು ಅನುಮಾನಿಸಿ. ಕುರ್ಚಿಯನ್ನು ಅದೇ ಜಾಗದಲ್ಲಿ ಕಾಲು ಸುತ್ತು ತಿರುಗಿಸಿ. ಅಲುಗಾಟ ಅದೇ ಕಾಲುಗಳಿಗೆ ಅಂಟಿಕೊಂಡು ಬಂದರೆ ತಪ್ಪು ಕುರ್ಚಿಯದ್ದು, ಇಲ್ಲದಿದ್ದರೆ ನೆಲದ್ದು. ನನ್ನದು ಕುರ್ಚಿಯದ್ದೇ. ದಪ್ಪ ಗಾಜಿನ ಮೇಲೆ ನಿಲ್ಲಿಸಿ, ಎತ್ತರದಲ್ಲಿ ನಿಂತ ಕಾಲಿನಡಿ ಕಾಗದದ ಹಾಳೆಗಳನ್ನು ಒಂದೊಂದಾಗಿ ತೂರಿಸಿ ಅಲುಗಾಟ ನಿಲ್ಲಿಸಿದೆ. ಆಮೇಲೆ ಒಂದು ಮರದ ಚೂರಿನ ಮೇಲೆ ಪೆನ್ಸಿಲ್ ಅಡ್ಡ ಇಟ್ಟು ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆದು, ಗೆರೆಯವರೆಗೆ ಕತ್ತರಿಸಿದೆ. ಕಣ್ಣಂದಾಜಿನಲ್ಲಿ ಒಂದೊಂದೇ ಕಾಲು ಕತ್ತರಿಸುತ್ತಾ ಹೋದರೆ ಕುರ್ಚಿ ಮಣೆಯಾಗುತ್ತದೆ. ಸಾಮಾನ್ಯ ಊಟದ ಕುರ್ಚಿಯ ಸೀಟು ನೆಲದಿಂದ 45 ಸೆಂಟಿಮೀಟರ್ ಆಸುಪಾಸು ಇರುತ್ತದೆ, ಅದರಿಂದ ತುಂಬ ಕೆಳಗೆ ಇಳಿಸಬೇಡಿ.

ಪಾಲಿಶ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿದ್ದೂ ಕಡಿಮೆ. ಮೇಲಿರುವುದು ಏನು ಅಂತ ಮರೆಯಲ್ಲಿರುವ ಜಾಗದಲ್ಲಿ ಪರೀಕ್ಷೆ ಮಾಡಿ. ಸ್ಪಿರಿಟ್ ಹಚ್ಚಿದರೆ ಮೆತ್ತಗಾಗುವುದು ಅರಗಿನ ಪಾಲಿಶ್, ಲ್ಯಾಕರ್ ಥಿನ್ನರಿಗೆ ಕರಗಿದರೆ ಲ್ಯಾಕರ್, ಎರಡಕ್ಕೂ ಜಗ್ಗದಿದ್ದರೆ ಬಹುಶಃ ಪಾಲಿಯುರೆಥೇನ್. ನನ್ನದು ಅರಗು. ಹಳೆಯ ಪದರ ಪೂರ್ತಿ ತೆಗೆಯದೆ, ತೊಳೆದು, ಅದರ ಮೇಲೇ ಹೊಸದಾಗಿ ತೆಳ್ಳಗೆ ಹಚ್ಚಬಹುದು, ಹೊಸದು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಉಜ್ಜುವುದು ತಪ್ಪಿತು. ಹಳೆಯ ಬಣ್ಣ ಬಳಿದ ಕುರ್ಚಿಯಾದರೆ ಉಜ್ಜುವ ಮುಂಚೆ ಸೀಸ ಇದೆಯಾ ಅಂತ ಪರೀಕ್ಷಿಸಿ. ಬರೀ ಮರ ಉಜ್ಜುವುದಾದರೂ ಒಳ್ಳೆಯ ಮಾಸ್ಕ್ ಬೇಕು. ಕ್ಯಾನ್ಸರ್ ಕಾರಕಗಳನ್ನು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಮರದ ಧೂಳನ್ನು 1995ರಲ್ಲೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಗುಂಪಿಗೆ ಸೇರಿಸಿದೆ.

ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಎಚ್ಚರಿಕೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ತಾನೇ ಹೊತ್ತಿಕೊಳ್ಳುತ್ತದೆ. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಅನ್ನುವ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಶುರುವಾದದ್ದು ಇಂಥ ಎಣ್ಣೆ ಬಟ್ಟೆಗಳಿಂದ. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಖರ್ಚಿನ ಬಗ್ಗೆ. ಅತಿ ಜಾಸ್ತಿ ಹೋದದ್ದು ಕ್ಲ್ಯಾಂಪುಗಳಿಗೆ, ಉಳಿದೆಲ್ಲ ಸೇರಿದರೂ ಅದರ ಅರ್ಧ ಆಗಲಿಲ್ಲ. ಅಂಟು, ಗೂಟ, ವಿನೆಗರ್ ಲೆಕ್ಕಕ್ಕೇ ಇಲ್ಲ. ಉಳಿ ಮಾತ್ರ ಒಳ್ಳೆಯದು ತಗೊಳ್ಳಿ, ಮತ್ತು ಹರಿತ ಮಾಡುವ ಕಲ್ಲನ್ನೂ ಜೊತೆಗೇ ತಗೊಳ್ಳಿ. ಒಂದೇ ಕುರ್ಚಿ ಇದ್ದು ಯಾವ ಉಪಕರಣವೂ ಇಲ್ಲ ಅಂದರೆ ದುಡ್ಡಿನ ದೃಷ್ಟಿಯಿಂದ ಇದು ನಷ್ಟದ ವ್ಯವಹಾರ, ಹಗ್ಗದಲ್ಲೇ ಮುಗಿಸಿದರೆ ಮಾತ್ರ ಗಿಟ್ಟುತ್ತದೆ. ನಾಲ್ಕು ಕುರ್ಚಿಗೆ ಹಂಚಿದರೆ ನನಗೆ ಅಸಲು ಬಂತು. ಸಮಯಕ್ಕೆ ಬೆಲೆ ಕಟ್ಟಿದರೆ ಬರಲ್ಲ.

ಈಗ ನಾಲ್ಕೂ ಮೇಜಿನ ಸುತ್ತ ನಿಂತಿವೆ. ಕಾಲಿನಡಿ ದಪ್ಪ ಬಟ್ಟೆಯ ಬಿಲ್ಲೆ ಅಂಟಿಸಿದ್ದೇನೆ, ಎಳೆದಾಡುವಾಗ ಜಾಯಿಂಟಿಗೆ ಬೀಳುವ ಜಗ್ಗಾಟ ಕಡಿಮೆಯಾಗಲಿ ಅಂತ. ಮೂಲೆಯ ತುಂಡುಗಳ ಸ್ಕ್ರೂಗಳನ್ನು ಹವೆ ಬದಲಾದಾಗ ಒಮ್ಮೆ ಬಿಗಿ ನೋಡಬೇಕು, ಅವಕ್ಕೆ ಬೇಕಂತಲೇ ಅಂಟು ಹಾಕಿಲ್ಲ. ಇನ್ನು ಎರಡು ಸೀಟಿನ ಬೆತ್ತದ ಹೆಣಿಗೆ ಹರಿದಿದೆ. ಅದನ್ನು ನಾನು ಮಾಡಲ್ಲ, ಗೊತ್ತಿರುವವರ ಹತ್ತಿರ ಕೊಡುತ್ತೇನೆ.